ಗ್ಯಾಪ್ ತುಂಬಿಸಿಕೊಡುತ್ತೇವೆ ಎನ್ನುವವರ ಬಗ್ಗೆ ಪುಣೆಯಿಂದ ಒಂದು ಎಚ್ಚರಿಕೆ

ಪುಣೆ, ಮುಂಬೈ ಕಡೆ ಕೆಲಸ ಹುಡುಕುತ್ತಿರುವ ಕನ್ನಡಿಗರಿಗೆ, ಅದರಲ್ಲೂ ಕೆಲಸ ಕಳೆದುಕೊಂಡು ಆರು ತಿಂಗಳು ದಾಟಿದವರಿಗೆ ಇದನ್ನು ಬರೆಯುತ್ತಿದ್ದೇನೆ. ‘ನಿಮ್ಮ ಗ್ಯಾಪ್ ತುಂಬಿಸಿಕೊಡುತ್ತೇವೆ’ ಎಂದು, ಅಂದರೆ ಕೆಲಸವಿಲ್ಲದ ತಿಂಗಳುಗಳಿಗೆ ನಕಲಿ ಅನುಭವ ಪತ್ರ ಕೊಡುತ್ತೇವೆ ಎಂದು, ಯಾರಾದರೂ ಹೇಳಿದರೆ, ಅವರು ಎಷ್ಟೇ ಆತ್ಮೀಯವಾಗಿ, ನಮ್ಮದೇ ಭಾಷೆಯಲ್ಲಿ ಮಾತಾಡಿದರೂ, ಒಂದು ರೂಪಾಯಿ ಕೊಡಬೇಡಿ, ಅವರಿಂದ ಒಂದು ಕಾಗದವನ್ನೂ ಪಡೆಯಬೇಡಿ. ನಾನು ಹಣವನ್ನೂ ಕೊಟ್ಟೆ, ಕಾಗದವನ್ನೂ ಪಡೆದೆ. ಅದರಿಂದ 1,75,000 ರೂಪಾಯಿ ಹೋಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಕಷ್ಟಪಟ್ಟು ಗಳಿಸಿದ ಒಂದು ಒಳ್ಳೆಯ ನೌಕರಿ ಇಪ್ಪತ್ತೆರಡೇ ದಿನಕ್ಕೆ ಕೈಬಿಟ್ಟುಹೋಯಿತು.

ನಾನು ಗದಗ ಕಡೆಯವನು. 2009ರಿಂದ ಪುಣೆಯಲ್ಲಿದ್ದೇನೆ. ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. ಅದರಲ್ಲಿ ಹೆಚ್ಚಿನದು ಮ್ಯಾನುಯಲ್ ಟೆಸ್ಟಿಂಗ್. ನಮ್ಮ ಪ್ರಾಜೆಕ್ಟ್ ಮುಗಿದು, ಎರಡು ತಿಂಗಳು ಕೆಲಸವಿಲ್ಲದೆ ಬೆಂಚಿನಲ್ಲಿ ಕೂತಿದ್ದ ನಮ್ಮನ್ನು 2023ರ ಫೆಬ್ರವರಿಯಲ್ಲಿ ಒಬ್ಬೊಬ್ಬರಾಗಿ ಕರೆದು ರಾಜೀನಾಮೆ ಬರೆಸಿಕೊಂಡರು. ವಜಾ ಎಂದು ದಾಖಲೆಯಲ್ಲಿ ಬಂದರೆ ಮುಂದೆ ತೊಂದರೆಯಾದೀತು ಎಂಬ ಮಾತಿಗೆ ಹೆದರಿ ನಾನೂ ಸಹಿ ಹಾಕಿದೆ. ಮೂರು ತಿಂಗಳಲ್ಲಿ ಬೇರೆ ಕೆಲಸ ಸಿಗುತ್ತದೆ ಎಂದುಕೊಂಡಿದ್ದೆ. ಹಿಂದೆ ಎರಡು ಸಲ ಹಾಗೆಯೇ ಸಿಕ್ಕಿತ್ತು.

ಈ ಸಲ ಮಾರುಕಟ್ಟೆಯೇ ಬೇರೆಯಾಗಿತ್ತು. ಟಿಸಿಎಸ್, ಇನ್ಫೋಸಿಸ್, ವಿಪ್ರೊ ಈ ಮೂರೇ ಕಂಪನಿಗಳ ಒಟ್ಟು ನೌಕರರ ಸಂಖ್ಯೆ 2023-24ರ ಆರ್ಥಿಕ ವರ್ಷದಲ್ಲಿ 60 ಸಾವಿರಕ್ಕೂ ಹೆಚ್ಚು ಇಳಿಯಿತು ಎಂಬುದನ್ನು ನಾನು ಬಹಳ ತಡವಾಗಿ ಓದಿದೆ. ಮೊದಲೇ ಓದಿದ್ದರೆ, ಕೆಲಸ ಸಿಗದಿರುವುದು ನನ್ನೊಬ್ಬನ ಅಯೋಗ್ಯತೆಯಿಂದ ಎಂದು ರಾತ್ರಿಯೆಲ್ಲ ಹೊರಳಾಡುವುದು ಸ್ವಲ್ಪವಾದರೂ ತಪ್ಪುತ್ತಿತ್ತೇನೋ. ಮೊದಲ ಮೂರು ತಿಂಗಳು ‘ತಕ್ಷಣ ಸೇರಬಲ್ಲಿರಾ’ ಎಂದು ಉತ್ಸಾಹದಿಂದ ಕೇಳುತ್ತಿದ್ದ ನೇಮಕಾತಿಯವರು, ಆರನೆಯ ತಿಂಗಳಿನಿಂದ ‘ಇಷ್ಟು ದಿನ ಯಾಕೆ ಖಾಲಿ ಇದ್ದಿರಿ’ ಎಂದು ಕೇಳತೊಡಗಿದರು. ಎಂಟನೆಯ ತಿಂಗಳಿನ ಹೊತ್ತಿಗೆ ಆ ಪ್ರಶ್ನೆಯೇ ಮೊದಲನೆಯದಾಗಿ, ಅನೇಕ ಸಲ ಕೊನೆಯದೂ ಆಗಿ ಬರುತ್ತಿತ್ತು. ಮಗರಪಟ್ಟದಲ್ಲಿ ಒಂದು ವಾಕ್-ಇನ್ ಸಂದರ್ಶನಕ್ಕೆ ಬೆಳಿಗ್ಗೆ ಏಳಕ್ಕೆ ಹೋಗಿ ಸಾಲಿನಲ್ಲಿ ನಿಂತೆ. ಮಧ್ಯಾಹ್ನ ನನ್ನ ಸರದಿ ಬಂದಾಗ, ಮೇಜಿನ ಹಿಂದಿದ್ದ ಹುಡುಗಿ ನನ್ನ ರೆಸ್ಯೂಮೆಯ ಮೊದಲ ಪುಟದಲ್ಲಿ ‘ಫೆಬ್ರವರಿ 2023’ ಎಂಬುದರ ಸುತ್ತ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, ಬೇರೆ ಕಟ್ಟಿನಲ್ಲಿ ಇಟ್ಟಳು. ಆ ಪೆನ್ಸಿಲಿನ ಸುತ್ತು ತಿಂಗಳುಗಟ್ಟಲೆ ನನ್ನ ಕಣ್ಣಿನಿಂದ ಹೋಗಲಿಲ್ಲ.

ಮನೆಯಲ್ಲಿ ಹೆಂಡತಿಗೆ ಕೆಲಸ ಹೋದದ್ದು ಗೊತ್ತಿತ್ತು. ಊರಿನಲ್ಲಿ ಅಪ್ಪನಿಗೆ, ಅಣ್ಣನಿಗೆ ಹೇಳಿರಲಿಲ್ಲ. ಅಣ್ಣ ಫೋನ್ ಮಾಡಿದಾಗ ‘ಮೀಟಿಂಗಿನಲ್ಲಿದ್ದೇನೆ’ ಎನ್ನುತ್ತಿದ್ದೆ. ವಾಕಡಿನ ನಮ್ಮ ಸೊಸೈಟಿಯಲ್ಲಿ ಜನ ಪ್ರಶ್ನೆ ಕೇಳಬಾರದೆಂದು ವಾರಕ್ಕೆ ಮೂರು ದಿನ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದೆ; ಬಸ್ಸು ಹಿಡಿದು ಎಲ್ಲಾದರೂ ಇಳಿದು, ಒಂದು ಉದ್ಯಾನದ ಬೆಂಚಿನ ಮೇಲೆ ಕೂತು, ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನು ಒಂದು ಗಂಟೆಗೆ ಸರಿಯಾಗಿ ಬಿಚ್ಚುತ್ತಿದ್ದೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಾನು ಆಗಲೇ ಸುಳ್ಳು ಹೇಳುವುದನ್ನು ರೂಢಿ ಮಾಡಿಕೊಂಡಿದ್ದೆ, ಆದ್ದರಿಂದಲೇ ಮುಂದಿನ ದೊಡ್ಡ ಸುಳ್ಳು ನನಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ.

2023ರ ನವೆಂಬರಿನಲ್ಲಿ, ಪುಣೆಯ ಕನ್ನಡಿಗರೇ ಇರುವ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನು ಕೆಲಸ ಕೇಳಿ ಹಾಕಿದ ಸಂದೇಶವನ್ನು ನೋಡಿ ಒಬ್ಬರು ಕರೆ ಮಾಡಿದರು. ಹೆಸರು ಹೇಳುವುದಿಲ್ಲ. ಶಿವಾಜಿನಗರದಲ್ಲಿ ಹಲವು ಸಣ್ಣ ಆಫೀಸುಗಳಿರುವ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಅವರ ಕೋಣೆಯಿತ್ತು. ಚಹಾ ತರಿಸಿದರು, ಊರು ಕೇಳಿದರು, ನಮ್ಮ ಪಕ್ಕದ ಹಳ್ಳಿಯಲ್ಲಿ ತಮ್ಮ ಸೋದರಮಾವನಿದ್ದಾರೆ ಎಂದರು. ‘ಸರ, ನೀವು ನಮ್ಮ ಕಡೆಯವರು ಅಂತನ ಹೇಳಾಕತ್ತೀನಿ. ನಿಮಗ ಬುದ್ಧಿ ಕಡಿಮಿ ಇಲ್ಲ, ಅನುಭವ ಕಡಿಮಿ ಇಲ್ಲ. ಇರೂದು ಒಂದ ಗ್ಯಾಪು. ಅದನ್ನ ನಾ ತುಂಬತೀನಿ’ ಎಂದರು. ಹತ್ತು ತಿಂಗಳಲ್ಲಿ ನನಗೆ ಬುದ್ಧಿ ಕಡಿಮೆಯಿಲ್ಲ ಎಂದು ಹೇಳಿದ ಮೊದಲ ಮನುಷ್ಯ ಅವರು. ಈ ವ್ಯಾಪಾರ ಮಾಡುವವರಿಗೆ ಆ ಮಾತಿನ ಬೆಲೆ ಚೆನ್ನಾಗಿ ಗೊತ್ತು.

ಅವರು ಹೇಳಿದ ವ್ಯವಸ್ಥೆ ಹೀಗಿತ್ತು. ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು 2023ರ ಮಾರ್ಚಿನಿಂದಲೇ ಕೆಲಸ ಮಾಡುತ್ತಿರುವಂತೆ ಆಫರ್ ಲೆಟರ್, ಪೇ ಸ್ಲಿಪ್, ಅನುಭವ ಪತ್ರ ಎಲ್ಲವೂ ಬರುತ್ತವೆ. ಪರಿಶೀಲನೆಗೆ ಕರೆ ಬಂದರೆ ಅಲ್ಲಿಯ ಎಚ್‌ಆರ್ ಹೌದೆನ್ನುತ್ತಾರೆ. ಇದಕ್ಕೆ 1,60,000 ರೂಪಾಯಿ. 60,000ವನ್ನು ಯುಪಿಐ ಮೂಲಕ ಒಬ್ಬ ಮಹಿಳೆಯ ಖಾಸಗಿ ಖಾತೆಗೆ ಹಾಕಿದೆ, 1,00,000ವನ್ನು ನಗದಾಗಿ ಕೊಟ್ಟೆ. ರಸೀದಿ ಕೇಳಿದ್ದಕ್ಕೆ, ‘ನಮ್ಮ ನಮ್ಮೊಳಗ ರಸೀದಿ ಯಾಕ ಸರ’ ಎಂದರು. ಹಣ ಬಂದದ್ದು ನನ್ನ ಪಿಎಫ್‌ನಿಂದ. ಆಗಿನ ನಿಯಮದಂತೆ ಕೆಲಸ ಹೋಗಿ ಒಂದು ತಿಂಗಳಾದರೆ ಮುಕ್ಕಾಲು ಪಾಲನ್ನೂ, ಎರಡು ತಿಂಗಳಾದರೆ ಉಳಿದದ್ದನ್ನೂ ತೆಗೆಯಬಹುದಿತ್ತು. ಮನೆ ಸಾಲದ ಕಂತಿಗೆಂದು ತೆಗೆದಿಟ್ಟದ್ದರಲ್ಲಿ ಇದನ್ನು ಕೊಟ್ಟೆ, ಹೆಂಡತಿಗೆ ಹೇಳಲಿಲ್ಲ. ಸೇವೆ ಹತ್ತು ವರ್ಷ ಮೀರಿದ್ದರಿಂದ ಪಿಂಚಣಿಯ ಭಾಗವನ್ನು ಮಾತ್ರ ನಗದಾಗಿ ತೆಗೆಯಲು ಬರಲಿಲ್ಲ. ಅದೊಂದು ಉಳಿಯಿತು.

ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವುದು ಕೊನೆಯ ಮೂರು ತಿಂಗಳದ್ದು ಮಾತ್ರ ಎಂದು ಅವರು ಹೇಳಿದ್ದರು. ಅದಕ್ಕಾಗಿ 2024ರ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ನಾನು ಆ ಕೋಣೆಗೆ ಹೋಗಿ 85,000 ರೂಪಾಯಿ ನಗದನ್ನು ಮೇಜಿನ ಮೇಲೆ ಇಡುತ್ತಿದ್ದೆ. ಅವರು ಎಣಿಸಿ, 5,000 ಕಮಿಷನ್ ಬೇರೆ ಪಡೆದು ಡ್ರಾಯರಿಗೆ ಹಾಕುತ್ತಿದ್ದರು. ಮಾರನೆಯ ದಿನ ಅದೇ 85,000 ನನ್ನ ಖಾತೆಗೆ ‘ಸ್ಯಾಲರಿ’ ಎಂಬ ಒಕ್ಕಣೆಯೊಂದಿಗೆ ಬರುತ್ತಿತ್ತು. ಮೊದಲ ಸಲ ಆ ಎಸ್‌ಎಂಎಸ್ ಬಂದಾಗ, ನನ್ನದೇ ಹಣವೆಂದು ತಿಳಿದಿದ್ದರೂ ಎದೆ ಹಗುರವಾಯಿತು. ಹನ್ನೊಂದು ತಿಂಗಳ ನಂತರ ಆ ಪದವನ್ನು ಮೊಬೈಲಿನಲ್ಲಿ ನೋಡಿದ್ದೆ.

ಏಪ್ರಿಲಿನಲ್ಲಿ ನಿಜವಾಗಿಯೂ ಒಂದು ಕಂಪನಿಯಲ್ಲಿ ಆಯ್ಕೆಯಾದೆ. ಎರಡು ತಾಂತ್ರಿಕ ಸುತ್ತುಗಳನ್ನು ನನ್ನ ಸ್ವಂತ ಓದಿನಿಂದ ದಾಟಿದ್ದೆ. ಖಾಲಿ ಇದ್ದ ಕಾಲದಲ್ಲಿ ಸೆಲೆನಿಯಂ ಎಂಬ ಸ್ವಯಂಚಾಲಿತ ಟೆಸ್ಟಿಂಗ್ ಸಾಧನವನ್ನು ಕಲಿತದ್ದು ಉಪಯೋಗಕ್ಕೆ ಬಂದಿತ್ತು. ಮೇ 6ರಂದು ಸೇರಿದೆ. ಮೇ 28ರಂದು ಎಚ್‌ಆರ್ ವಿಭಾಗದವರು ಒಂದು ಚಿಕ್ಕ ಕೋಣೆಗೆ ಕರೆದು, ನನ್ನ ಫೆಬ್ರವರಿ ತಿಂಗಳ ಪೇ ಸ್ಲಿಪ್ಪನ್ನು ಮೇಜಿನ ಮೇಲೆ ನನ್ನತ್ತ ತಿರುಗಿಸಿ ಇಟ್ಟರು. ವೃತ್ತಿ ತೆರಿಗೆಯ ಸಾಲಿನಲ್ಲಿ 200 ರೂಪಾಯಿ ಎಂದಿತ್ತು. ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆ ವರ್ಷಕ್ಕೆ 2,500. ಹನ್ನೊಂದು ತಿಂಗಳು 200ರಂತೆ ಹಿಡಿದು, ಫೆಬ್ರವರಿಯಲ್ಲಿ 300 ಹಿಡಿಯುತ್ತಾರೆ. ಹದಿನಾಲ್ಕು ವರ್ಷ ಪ್ರತಿ ಫೆಬ್ರವರಿಯ ಚೀಟಿಯಲ್ಲೂ ನಾನೇ ಆ 300ನ್ನು ನೋಡಿದ್ದೆ. ಕಳ್ಳ ಚೀಟಿ ತಯಾರಿಸಿದವರಿಗೆ ಅಷ್ಟೂ ತಿಳಿದಿರಲಿಲ್ಲ, ಹೆದರಿದ ನನ್ನ ಕಣ್ಣಿಗೆ ಅದು ಬೀಳಲೂ ಇಲ್ಲ.

ಅದು ಆರಂಭ ಮಾತ್ರ. ಪ್ರತಿ ಚೀಟಿಯಲ್ಲೂ ಪಿಎಫ್ ಕಡಿತ 1,800 ಎಂದಿತ್ತು. ನನ್ನ ಯುಎಎನ್ (ಎಲ್ಲ ನೌಕರಿಗಳಿಗೂ ಒಂದೇ ಆಗಿರುವ ಪಿಎಫ್ ಸಂಖ್ಯೆ) ಖಾತೆಯ ಸೇವಾ ವಿವರದಲ್ಲಿ 2023ರ ಫೆಬ್ರವರಿಯ ನಂತರ ಯಾವ ಕಂಪನಿಯ ಹೆಸರೂ ಇರಲಿಲ್ಲ. ತಿಂಗಳಿಗೆ 85,000 ಸಂಬಳವಿದ್ದವನ ಆದಾಯ ತೆರಿಗೆಯ 26ಎಎಸ್ ಪಟ್ಟಿಯಲ್ಲಿ ಒಂದು ಪೈಸೆಯ ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಕೂಡ ಇರಲಿಲ್ಲ. ಈ ಎರಡನ್ನೂ ಇಂದು ಅನೇಕ ಪರಿಶೀಲನಾ ಸಂಸ್ಥೆಗಳು ಅಭ್ಯರ್ಥಿಯಿಂದಲೇ ಕೇಳಿ ಪಡೆಯುತ್ತವೆ. ಫೋನಿನಲ್ಲಿ ಯಾರೋ ಹೌದೆಂದರೆ ಸಾಕಾಗುವ ಕಾಲ ಮುಗಿದಿದೆ. ನನಗೆ ಪತ್ರ ಕೊಟ್ಟಿದ್ದ ಆ ಸಣ್ಣ ಕಂಪನಿಯ ಲೆಟರ್‌ಹೆಡ್ಡಿನಲ್ಲಿ ‘2011ರಿಂದ’ ಎಂದು ದೊಡ್ಡದಾಗಿ ಮುದ್ರಿಸಿದ್ದರು. ಅದರ ಕೆಳಗೇ ಸಣ್ಣ ಅಕ್ಷರದಲ್ಲಿದ್ದ ಸಿಐಎನ್ ಸಂಖ್ಯೆಯಲ್ಲಿ ರಾಜ್ಯವನ್ನು ಸೂಚಿಸುವ ಎರಡಕ್ಷರಗಳ ನಂತರ 2022 ಎಂದಿತ್ತು. ಕಂಪನಿಗಳ ನೋಂದಣಿ ಸಂಖ್ಯೆಯಲ್ಲಿ ಆ ಜಾಗದ ನಾಲ್ಕು ಅಂಕಿಗಳು ನೋಂದಣಿಯಾದ ವರ್ಷವನ್ನೇ ಹೇಳುತ್ತವೆ. ಯಾವುದೇ ಆಫರ್ ಲೆಟರ್ ಕೈಗೆ ಬಂದರೂ ಮೊದಲು ಅಲ್ಲಿ ನೋಡಿ.

ಅಂದು ಸಂಜೆಯೇ ಕೆಲಸ ಹೋಯಿತು. ರಿಲೀವಿಂಗ್ ಪತ್ರ ಕೊಡಲಿಲ್ಲ. ಅವರು ಕೂಗಾಡಲಿಲ್ಲ, ಅವಮಾನಿಸಲೂ ಇಲ್ಲ. ‘ಗ್ಯಾಪ್ ಇದೆ ಎಂದು ಹೇಳಿದ್ದರೂ ನಿಮ್ಮನ್ನು ತೆಗೆದುಕೊಳ್ಳುತ್ತಿದ್ದೆವೇನೋ’ ಎಂದು ಎಚ್‌ಆರ್ ವಿಭಾಗದ ಹಿರಿಯರೊಬ್ಬರು ಹೇಳಿದ್ದು ಇಂದಿಗೂ ಚುಚ್ಚುತ್ತದೆ. ಇಪ್ಪತ್ತೆರಡು ದಿನದ ಆ ನೌಕರಿಗೂ ಪಿಎಫ್ ಜಮೆಯಾಗಿದೆ; ಸೇವಾ ವಿವರದಲ್ಲಿ ಅದು ಶಾಶ್ವತವಾಗಿ ಕೂತಿದೆ. ಮೊದಲು ನನಗೆ ವಿವರಿಸಲು ಇದ್ದದ್ದು ಬರೀ ಖಾಲಿ ತಿಂಗಳುಗಳು. ಈಗ ಮೂರು ವಾರಗಳನ್ನೂ ವಿವರಿಸಬೇಕು, ಅದು ಹೆಚ್ಚು ಕಷ್ಟ.

ಶಿವಾಜಿನಗರದ ಕೋಣೆಗೆ ಹೋದರೆ ಬೀಗ. ಫೋನ್ ಒಂದು ವಾರ ರಿಂಗಾಯಿತು, ಬಳಿಕ ಅದೂ ನಿಂತಿತು. ಪೊಲೀಸ್ ಠಾಣೆಗೆ ಹೋಗುವ ಮೊದಲು ಪರಿಚಯದ ವಕೀಲರನ್ನು ಕೇಳಿದೆ. ನಕಲಿ ದಾಖಲೆಯನ್ನು ಗೊತ್ತಿದ್ದೂ ಅಸಲಿಯೆಂದು ಬಳಸುವುದು ಹಳೆಯ ಭಾರತೀಯ ದಂಡ ಸಂಹಿತೆಯ 471ನೆಯ ಕಲಮಿನ ಪ್ರಕಾರ ಅಪರಾಧ, ಅದರ ಬದಲಿಗೆ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಅಪರಾಧವೇ ಎಂದು ಅವರು ವಿವರಿಸಿದರು. ಅಂದರೆ ದೂರು ಕೊಡುವ ನನ್ನ ಕೈಯಲ್ಲೇ ನನ್ನ ವಿರುದ್ಧದ ಸಾಕ್ಷ್ಯವಿತ್ತು. ಆಗ ನನಗೆ ಈ ವ್ಯಾಪಾರದ ಮರ್ಮ ಅರ್ಥವಾಯಿತು. ಕೆಲಸ ಕೊಡಿಸುತ್ತೇನೆಂದು ಹಣ ನುಂಗುವ ಸಾಮಾನ್ಯ ಮೋಸಗಾರನ ಮೇಲೆ ಮೋಸಹೋದವನು ದೂರು ಕೊಡಬಹುದು. ಇವರು ಹಾಗಲ್ಲ, ಹಣ ಪಡೆಯುವ ಮೊದಲೇ ನಮ್ಮನ್ನು ತಮ್ಮ ತಪ್ಪಿನಲ್ಲಿ ಪಾಲುದಾರರನ್ನಾಗಿ ಮಾಡಿ, ನಮ್ಮ ಬಾಯಿಯನ್ನು ಹೊಲಿದುಬಿಡುತ್ತಾರೆ. ನನ್ನಂಥವರು ಎಷ್ಟು ಜನ ಆ ಮೇಜಿನ ಮೇಲೆ ಹಣ ಇಟ್ಟಿದ್ದಾರೋ, ಯಾರೂ ಮಾತಾಡದಿರುವುದರಿಂದಲೇ ಆ ಅಂಗಡಿ ಬೇರೆ ಮಹಡಿಯಲ್ಲಿ ಮತ್ತೆ ತೆರೆಯುತ್ತದೆ. ನಾನು ಕೊನೆಗೆ ಜುಲೈ ತಿಂಗಳಿನಲ್ಲಿ, ನನ್ನ ತಪ್ಪನ್ನೂ ಬರೆದೇ, ದೂರು ಅರ್ಜಿ ಕೊಟ್ಟೆ. ಯುಪಿಐ ಕಳಿಸಿದ ದಾಖಲೆಯಿದ್ದ 60,000ಕ್ಕೆ ಮಾತ್ರ ಆಧಾರವಿತ್ತು. ಹಣ ಇನ್ನೂ ಬಂದಿಲ್ಲ. ಆನ್‌ಲೈನ್ ಮೂಲಕ ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆದಷ್ಟು ಬೇಗ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಕರೆ ಮಾಡಬೇಕು; ನಾನು ಆರು ತಿಂಗಳಿಗೂ ಹೆಚ್ಚು ತಡಮಾಡಿದ್ದೆ.

ದೂರು ಕೊಡುವ ಮೊದಲು, ಜೂನ್ ತಿಂಗಳಲ್ಲೇ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನನ್ನ ಎದುರಿಗೇ ಅಣ್ಣನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಅಣ್ಣ ಪೂರ್ತಿ ಕೇಳಿಸಿಕೊಂಡ. ‘ತಮ್ಮಾ, ನೌಕರಿ ಹೋಗಿದ್ದಕ್ಕ ನಾ ಏನೂ ಅಂತಿದ್ದಿಲ್ಲ. ವರ್ಷಗಟ್ಲೆ ಹೇಳದ ಇದ್ದೀ ಅಲಾ, ಅದು ಕೆಟ್ಟನಿಸ್ತು’ ಎಂದ. ಮೂರು ತಿಂಗಳ ಕಂತನ್ನು ಅವನೇ ಕಟ್ಟಿದ. ಅವನಿಗೆ ಒಂದು ವರ್ಷ ಮೊದಲೇ ಹೇಳಿದ್ದರೆ ಆ ಮೂರನೆಯ ಮಹಡಿಗೆ ನಾನು ಹತ್ತುತ್ತಲೇ ಇರಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈಗ ಖಾಲಿ ಇರುವವರು ದಯವಿಟ್ಟು ಕೆಲವು ಕೆಲಸಗಳನ್ನು ಈ ವಾರವೇ ಮಾಡಿಕೊಳ್ಳಿ. ಹಳೆಯ ಕಂಪನಿಯ ರಿಲೀವಿಂಗ್ ಪತ್ರ, ಕೊನೆಯ ಪೇ ಸ್ಲಿಪ್ಪುಗಳು, ಫಾರ್ಮ್ 16 ನಿಮ್ಮ ಕೈಯಲ್ಲಿವೆಯೇ ನೋಡಿ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ನಮೂದಾಗಿರಲಿ. ಕಂಪನಿ ನಮೂದಿಸದಿದ್ದರೆ ಕೊನೆಯ ಜಮೆಯಾಗಿ ಎರಡು ತಿಂಗಳ ನಂತರ ನೀವೇ ಆನ್‌ಲೈನಿನಲ್ಲಿ ನಮೂದಿಸಬಹುದು. ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್, ಮಹಾರಾಷ್ಟ್ರದ ಮಹಾಸ್ವಯಂ ಎಂಬ ಉದ್ಯೋಗ ಜಾಲತಾಣಗಳೆರಡರಲ್ಲೂ ನೋಂದಣಿ ಉಚಿತ. ಅಲ್ಲಿ ದೊಡ್ಡ ನೌಕರಿ ಸಿಗುತ್ತದೆ ಎಂದು ನಾನು ಹೇಳಲಾರೆ, ಆದರೆ ಹಣ ಕೇಳಿ ಕೆಲಸ ಕೊಡಿಸುವುದು ಸಹಜ ಎಂಬ ಭ್ರಮೆಯಾದರೂ ಹೋಗುತ್ತದೆ. ನಿಜವಾದ ನೇಮಕಾತಿ ಸಂಸ್ಥೆಗೆ ಹಣ ಕೊಡುವುದು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿ. ಅಭ್ಯರ್ಥಿಯ ಬಳಿ ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಯಾವ ಹೆಸರಿನಲ್ಲಿ ಕೇಳಿದರೂ ಅಲ್ಲಿಂದ ಎದ್ದು ಬನ್ನಿ.

ನನಗೆ 2024ರ ನವೆಂಬರಿನಲ್ಲಿ ಕೆಲಸ ಸಿಕ್ಕಿತು. ಹಳೆಯ ಸಹೋದ್ಯೋಗಿಯೊಬ್ಬರು ಪಿಂಪ್ರಿಯ ಒಂದು ಸಣ್ಣ ಕಂಪನಿಗೆ ನನ್ನ ಹೆಸರು ಹೇಳಿದ್ದರು. ಒಂದು ವರ್ಷದ ಗುತ್ತಿಗೆ, ಸಂಬಳ ಹಿಂದಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸಂದರ್ಶನದಲ್ಲಿ ಗ್ಯಾಪಿನ ಪ್ರಶ್ನೆ ಬಂದೇ ಬಂತು. ಪ್ರಾಜೆಕ್ಟ್ ಮುಗಿದು 2023ರ ಫೆಬ್ರವರಿಯಲ್ಲಿ ಕೆಲಸ ಹೋಯಿತು, ಹುಡುಕಿದರೂ ಸಿಗಲಿಲ್ಲ, ನಡುವೆ ಸೆಲೆನಿಯಂ ಕಲಿತೆ, 2024ರ ಮೇ ತಿಂಗಳಲ್ಲಿ ಸೇರಿದ ಕಡೆ ನಾನು ತಪ್ಪು ದಾಖಲೆ ಕೊಟ್ಟಿದ್ದರಿಂದ ತೆಗೆದರು ಎಂದು ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು. ಎದುರಿಗಿದ್ದವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ಯಾರಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದರು. ಹೇಳಿದೆ. ಅವರು ತಲೆಯಾಡಿಸಿ, ನಾನು ಬರೆದಿದ್ದ ಟೆಸ್ಟ್ ಸ್ಕ್ರಿಪ್ಟನ್ನು ಪರದೆಯ ಮೇಲೆ ತೆರೆದು, ಹದಿನೇಳನೆಯ ಸಾಲಿನಲ್ಲಿ ಯಾಕೆ ಹಾಗೆ ಬರೆದಿದ್ದೀರಿ ಎಂದು ಮುಂದಿನ ಪ್ರಶ್ನೆ ಕೇಳಿದರು.