ಸ್ಕೋಪಸ್ ಪೇಪರ್ ಬೇಕು ಅಂತ ಓಡಾಡುತ್ತಿರುವ ಪಿಎಚ್‌ಡಿಯವರೇ, ಜರ್ನಲ್ ಹೆಸರು ನಿಜ ಇರುತ್ತದೆ, ವೆಬ್‌ಸೈಟ್ ಸುಳ್ಳಿರುತ್ತದೆ

"ಸ್ಕೋಪಸ್ ಇಂಡೆಕ್ಸ್ಡ್, ಹದಿನೈದು ದಿನದಲ್ಲಿ ಆಕ್ಸೆಪ್ಟೆನ್ಸ್, ಕೆಲವೇ ಸ್ಲಾಟ್ ಬಾಕಿ" ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ಮೆಸೇಜ್ ಬರುತ್ತದಲ್ಲ, ದಯವಿಟ್ಟು ಅದರ ಹತ್ತಿರ ಹೋಗಬೇಡಿ. (ಸ್ಕೋಪಸ್ ಅಂದರೆ ಆರಿಸಿದ ಸಂಶೋಧನಾ ಜರ್ನಲ್‌ಗಳ, ಅವುಗಳ ಪೇಪರ್‌ಗಳ ಒಂದು ಅಂತರರಾಷ್ಟ್ರೀಯ ಡೇಟಾಬೇಸ್.) ನನಗೆ ದುಡ್ಡು ಹೋಯಿತು. ದುಡ್ಡು ಬಿಡಿ, ಹೇಗೋ ದುಡಿದುಕೊಳ್ಳಬಹುದು. ನನ್ನ ಪೇಪರೇ ಹೋಯಿತು. ಇನ್ನೊಂದು ಕಡೆ ಕಳಿಸೋಣ ಅಂದರೆ ಕಳಿಸಲು ಆಗದ ಹಾಗೆ ಮಾಡಿಟ್ಟರು. ಸಿಟ್ಟು ಇರುವುದು ಅದಕ್ಕೆ.

"ಅಯ್ಯೋ, ಫೇಕ್ ಜರ್ನಲ್ ಕಥೆ, ಎಲ್ಲರಿಗೂ ಗೊತ್ತಿರುವುದೇ" ಅನ್ನಬೇಡಿ. ನನಗೂ ಗೊತ್ತಿತ್ತು. ನಾನು ಐಎಸ್ಎಸ್ಎನ್, ಅಂದರೆ ಜರ್ನಲ್ಲಿನ ಗುರುತಿನ ನಂಬರ್, ನೋಡಿದ್ದೆ. ಸ್ಕೋಪಸ್‌ನ ಸೋರ್ಸ್ ಲಿಸ್ಟ್ ಎಲ್ಲರಿಗೂ ಫ್ರೀಯಾಗಿ ಸಿಗುತ್ತದೆ, ಅಲ್ಲಿ ಆ ನಂಬರ್ ಹಾಕಿ ಹುಡುಕಿದ್ದೆ. ಜರ್ನಲ್ ಇತ್ತು. ಹೆಸರು ಅದೇ, ನಂಬರ್ ಅದೇ, ಕವರೇಜ್ ಈ ವರ್ಷದವರೆಗೂ ಇತ್ತು. ಇನ್ನೇನು ನೋಡಬೇಕು ಹೇಳಿ?

ನನ್ನ ವಿಷಯ ಅಂತರ್ಜಲ. ಪಾವಗಡ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಮಳೆಗಾಲಕ್ಕೆ ಮುಂಚೆ, ಮಳೆಗಾಲ ಮುಗಿದ ಮೇಲೆ ಸ್ಯಾಂಪಲ್ ತೆಗೆದು ನೋಡಿದ್ದು. ಆ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹಲ್ಲು ನೋಡಿದರೆ ಗೊತ್ತಾಗುತ್ತದೆ. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಬಿಸಿಲಲ್ಲಿ ಕ್ಯಾನು ಹೊತ್ತು ತಂದ ನೀರು ಅದು. ಫ್ಲೋರೈಡ್ ಅಳೆಯುವ ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ ಒಂದೇ ಇತ್ತು ನಮ್ಮ ಲ್ಯಾಬಿನಲ್ಲಿ, ಅದಕ್ಕೆ ಸರದಿ ಕಾದು, ಒಂದೊಂದು ಸ್ಯಾಂಪಲ್ಲನ್ನೂ ಮತ್ತೆ ಮತ್ತೆ ಓದಿಸಿ ಬರೆದುಕೊಂಡ ಡೇಟಾ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಇನ್ನು ಅವಸರ ಯಾಕಿತ್ತು ಅಂತ. ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನುವುದನ್ನು ಯುಜಿಸಿ 2022ರ ನವೆಂಬರಿನ ನಿಯಮದಲ್ಲೇ ತೆಗೆದುಹಾಕಿದೆ. ಆದರೆ ನಮ್ಮ ವಿಶ್ವವಿದ್ಯಾಲಯ ತನ್ನದೇ ರೂಲು ಇಟ್ಟುಕೊಂಡಿದೆ, ಥೀಸಿಸ್ ಕೊಡುವ ಮುಂಚೆ ಸ್ಕೋಪಸ್ ಪೇಪರ್ ತೋರಿಸಬೇಕು. ಮುಂಚೆ ಯುಜಿಸಿ ಕೇರ್ ಲಿಸ್ಟ್ ಅಂತ ಯುಜಿಸಿಯೇ ಒಪ್ಪಿದ ಜರ್ನಲ್‌ಗಳ ಪಟ್ಟಿ ಒಂದಿತ್ತು, ಅದರಲ್ಲಿ ಇದ್ದರೂ ನಡೆಯುತ್ತಿತ್ತು. 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದರು. ಆವತ್ತಿನಿಂದ ಈ ಏಜೆಂಟರಿಗೆ ಹಬ್ಬ. ನಾನು ಮುಂಚೆ ಒಂದು ಒಳ್ಳೆಯ ಜರ್ನಲ್ಲಿಗೆ ಕಳಿಸಿದ್ದೆ, ನಮ್ಮ ಸ್ಕೋಪಿಗೆ ಹೊಂದುವುದಿಲ್ಲ ಅಂತ ಎಡಿಟರ್ ಹಂತದಲ್ಲೇ ವಾಪಸ್ ಬಂತು. ಇನ್ನೊಂದಕ್ಕೆ ಕಳಿಸಿದರೆ ತಿಂಗಳುಗಟ್ಟಲೆ "ಅಂಡರ್ ರಿವ್ಯೂ" ಅಂತಲೇ ತೋರಿಸುತ್ತಿತ್ತು, ಆಮೇಲೆ ಎರಡೇ ಸಾಲಿನ ರಿಜೆಕ್ಟ್. ಅಷ್ಟರಲ್ಲಿ ಫೆಲೋಶಿಪ್ ಮುಗಿಯಲು ಬಂದಿತ್ತು. ಇದೇ ಹೊತ್ತಿಗೆ ಸರಿಯಾಗಿ ಒಬ್ಬ ಏಜೆಂಟನ ಮೆಸೇಜ್.

ಕನ್ನಡದವನೇ. ಅದೇ ನನ್ನನ್ನು ಕೆಡಿಸಿದ್ದು. "ಕೇರ್ ಹೋಯ್ತಲ್ಲ ಮೇಡಂ, ಇನ್ನೇನಿದ್ರೂ ಸ್ಕೋಪಸ್ಸೇ. ನಮ್ಮ ಕಡೆಯವರು ಅಂತ ಎಡಿಟರ್ ಹತ್ರ ಮಾತಾಡಿ ರೇಟು ಕಡಿಮೆ ಮಾಡಿಸ್ತೀನಿ." ಎಷ್ಟು ವಿನಯ ಗೊತ್ತಾ? ನಮ್ಮ ಡಿಪಾರ್ಟ್‌ಮೆಂಟಿನ ಹೆಸರು ಹೇಳಿದ ತಕ್ಷಣ ನಮ್ಮ ಸೀನಿಯರ್ ಒಬ್ಬರ ಹೆಸರು ಹೇಳಿ, "ಅವರ ಪೇಪರ್ ನಾವೇ ಮಾಡ್ಸಿದ್ದು" ಅಂದ. ಆಮೇಲೆ ಆ ಸೀನಿಯರನ್ನು ಕೇಳಿದರೆ ಅವರಿಗೆ ಇವನು ಯಾರು ಅಂತಲೇ ಗೊತ್ತಿಲ್ಲ!

ವೆಬ್‌ಸೈಟ್ ಚೆನ್ನಾಗಿತ್ತು. ಸಬ್ಮಿಷನ್ ಪೇಜು, ಟೆಂಪ್ಲೇಟು, ಆಥರ್ ಗೈಡ್‌ಲೈನ್ಸ್, ಎಡಿಟೋರಿಯಲ್ ಬೋರ್ಡಿನಲ್ಲಿ ವಿದೇಶಿ ಹೆಸರುಗಳು, ಎಲ್ಲ ಇತ್ತು. ನಾನು ನಿಯತ್ತಾಗಿ ಕವರ್ ಲೆಟರ್ ಬರೆದೆ, ಹೈಲೈಟ್ಸ್ ಬರೆದೆ, ರೆಫರೆನ್ಸುಗಳನ್ನೆಲ್ಲ ಅವರ ಸ್ಟೈಲಿಗೆ ಬದಲಾಯಿಸಿದೆ, ನೀರಿನಲ್ಲಿರುವ ಲವಣಗಳನ್ನು ತೋರಿಸುವ ಪೈಪರ್ ಡಯಾಗ್ರಾಮನ್ನು ಅವರು ಕೇಳಿದ ರೆಸಲ್ಯೂಶನ್ನಿಗೆ ಮತ್ತೆ ತೆಗೆದೆ. ಯಾರೂ ಓದದ ಪೇಪರಿಗೆ ರಾತ್ರಿ ಕೂತು ಕಾಮಾ ತಿದ್ದಿದ್ದೇನೆ ನಾನು.

ಯಾರೂ ಓದಿಲ್ಲ ಅಂತ ಸುಮ್ನೆ ಹೇಳುತ್ತಿಲ್ಲ. ಎರಡೇ ವಾರದಲ್ಲಿ ರಿವ್ಯೂ ಬಂತು. ಮೊದಲ ರಿವ್ಯೂವರ್ ಬರೆದಿದ್ದು, ಇಂಗ್ಲಿಷ್ ಸುಧಾರಿಸಿ, ಇತ್ತೀಚಿನ ರೆಫರೆನ್ಸ್ ಸೇರಿಸಿ. ಎರಡನೆಯವರು ಬರೆದಿದ್ದು, "ನೀವು ಪ್ರಸ್ತಾಪಿಸಿದ ಅಲ್ಗಾರಿದಮ್‌ನ ನಿಖರತೆಯನ್ನು ಈಗಿರುವ ವಿಧಾನಗಳ ಜೊತೆ ಹೋಲಿಸಿ." ಅಲ್ಗಾರಿದಮ್! ನನ್ನ ಪೇಪರಿನಲ್ಲಿ ಬೋರ್‌ವೆಲ್ ಇದೆ, ಬಕೆಟ್ ಇದೆ, ಅಲ್ಗಾರಿದಮ್ ಎಲ್ಲಿಂದ ಬಂತು? ಅವನನ್ನು ಕೇಳಿದೆ. ಅವನ ಉತ್ತರ: "ರಿವ್ಯೂವರ್ ಟೂ ಕಂಪ್ಯೂಟರ್ ಸೈನ್ಸ್ ಕಡೆಯವರು ಮೇಡಂ, ಮಲ್ಟಿಡಿಸಿಪ್ಲಿನರಿ ಜರ್ನಲ್ ಅಲ್ವಾ, ನೀವು ಅದನ್ನ ಬಿಟ್ಬಿಡಿ." ಬಿಟ್ಟೆ. ಪೇಪರ್ ಆಕ್ಸೆಪ್ಟ್ ಆಯಿತು.

ಇದರಲ್ಲಿ ನನಗೆ ತುಂಬ ನಾಚಿಕೆಯಾಗುವ ವಿಷಯ ಒಂದಿದೆ. ಪಿಎಚ್‌ಡಿ ಕೋರ್ಸ್‌ವರ್ಕಿನಲ್ಲಿ ರಿಸರ್ಚ್ ಅಂಡ್ ಪಬ್ಲಿಕೇಶನ್ ಎಥಿಕ್ಸ್ ಅಂತ ಎರಡು ಕ್ರೆಡಿಟ್ಟಿನ ಪೇಪರ್ ಎಲ್ಲರೂ ಓದಿರುತ್ತೇವೆ. 2014ರಲ್ಲಿ ಒಂದೇ ವಾಕ್ಯವನ್ನು ಪುಟಗಟ್ಟಲೆ ರಿಪೀಟ್ ಮಾಡಿದ್ದ ಒಂದು ತಮಾಷೆ ಪೇಪರನ್ನು ಒಂದು ಜರ್ನಲ್ "ಎಕ್ಸಲೆಂಟ್" ಅಂತ ಒಪ್ಪಿಕೊಂಡು 150 ಡಾಲರ್ ಕೇಳಿತ್ತು ಅಂತ ಆ ಕ್ಲಾಸಿನಲ್ಲಿ ಹೇಳಿದಾಗ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಆ ಎಥಿಕ್ಸ್ ಪರೀಕ್ಷೆಯಲ್ಲಿ ನನಗೆ ಮಾರ್ಕ್ಸ್ ಜಾಸ್ತಿ ಬಂದಿತ್ತು.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 14,000 ರೂಪಾಯಿ ಪಬ್ಲಿಕೇಶನ್ ಫೀ, ಆಮೇಲೆ ಫಾರ್ಮ್ಯಾಟಿಂಗ್ ಅಂತ 2,500. ಯುಪಿಐ ಮಾಡುವಾಗ ಸ್ಕ್ರೀನಿನಲ್ಲಿ ಯಾರೋ ಒಬ್ಬರ ಸ್ವಂತ ಹೆಸರು ಬಂತು, ಜರ್ನಲ್ಲಿನದ್ದಲ್ಲ. ಕೇಳಿದ್ದಕ್ಕೆ, "ಅಕೌಂಟ್ಸ್ ಸೆಕ್ಷನ್ನವರದು ಮೇಡಂ." ರಸೀದಿ ಕೇಳಿದ್ದಕ್ಕೆ, "ಇಶ್ಯೂ ಜೊತೆ ಬರುತ್ತೆ." ಬರಲಿಲ್ಲ ಅಂತ ಬೇರೆ ಹೇಳಬೇಕಾ?

ಪ್ರೂಫ್ ಕೂಡ ಬರಲಿಲ್ಲ. ಸಾಮಾನ್ಯವಾಗಿ ಅಚ್ಚಾಗುವ ಮುಂಚೆ ಲೇಖಕರಿಗೆ ಪ್ರೂಫ್ ಕಳಿಸುತ್ತಾರೆ, ಕಾಪಿರೈಟ್ ಫಾರ್ಮಿಗೆ ಸಹಿ ಮಾಡಿಸಿಕೊಳ್ಳುತ್ತಾರೆ, ಅಲ್ವಾ? ಇಲ್ಲಿ ನೇರವಾಗಿ ಪಿಡಿಎಫ್ ಲಿಂಕ್ ಬಂತು, "ಕಂಗ್ರಾಜುಲೇಷನ್ಸ್" ಅಂತ. ತೆರೆದು ನೋಡಿದೆ. ನನ್ನ ಹೆಸರಿನ ಸ್ಪೆಲಿಂಗ್ ತಪ್ಪು. ಹೋಗಲಿ. ಪೈಪರ್ ಡಯಾಗ್ರಾಮನ್ನು ಅಡ್ಡಡ್ಡ ಎಳೆದು ಚಪಾತಿ ಮಾಡಿದ್ದಾರೆ. ಅದೂ ಹೋಗಲಿ. ಟೇಬಲ್ಲಿನಲ್ಲಿ ಒಂದು ಕಾಲಮ್ಮಿನ ದಶಮಾಂಶದ ಚುಕ್ಕಿಗಳೇ ಇಲ್ಲ! 2.8 ಇದ್ದಿದ್ದು 28 ಆಗಿದೆ, 3.1 ಇದ್ದಿದ್ದು 31. ಲೀಟರಿಗೆ 28 ಮಿಲಿಗ್ರಾಂ ಫ್ಲೋರೈಡ್ ಅಂತ ನನ್ನ ಹೆಸರಿನಲ್ಲಿ, ನನ್ನ ಗೈಡ್ ಹೆಸರಿನಲ್ಲಿ, ಊರಿನ ಹೆಸರು ಸಮೇತ ಬಿದ್ದಿದೆ. ನಾಳೆ ಯಾರಾದರೂ ಆ ಊರಿನವರು ಓದಿ ಗಾಬರಿಯಾದರೆ ಯಾರು ಉತ್ತರ ಕೊಡಬೇಕು? ಫೋನ್ ಮಾಡಿ ಕೂಗಾಡಿದೆ. ಅವನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: "ರೀಡರ್ಸ್ ಅರ್ಥ ಮಾಡ್ಕೋತಾರೆ ಮೇಡಂ." ಇನ್ನೊಂದು ಸಲ ಕೂಗಾಡಿದೆ. "ಕರೆಕ್ಷನ್‌ಗೆ ಬೇರೆ ಚಾರ್ಜ್ ಇದೆ ಮೇಡಂ."

ಫಾರ್ಮ್ಯಾಟಿಂಗ್ ಅಂತ 2,500 ತೆಗೆದುಕೊಂಡು ಚುಕ್ಕಿ ತಿಂದವರು ಇವರು!

ಇಷ್ಟಾದರೂ ಸ್ಕೋಪಸ್ ಪೇಪರ್ ಅಂತೂ ಆಯಿತಲ್ಲ ಅಂತ ಸಮಾಧಾನ ಇತ್ತು. ಸ್ಕೋಪಸ್‌ನಲ್ಲಿ ಬರಲು ಸ್ವಲ್ಪ ತಡವಾಗುತ್ತದೆ ಅಂದಿದ್ದ, ಅದು ಎಲ್ಲ ಜರ್ನಲ್ಲಿಗೂ ಇರುವುದೇ. ಅರ್ಜಿ ಜೊತೆ ಇಡಲು ಪ್ರಿಂಟ್ ಹಿಡಿದುಕೊಂಡು ಲೈಬ್ರರಿಗೆ ಹೋದೆ, ಪರಿಶೀಲನೆಯ ಸಹಿ ಅವರದ್ದೇ ಬೇಕು. ನಮ್ಮ ಲೈಬ್ರೇರಿಯನ್ ಸರ್ ಪೇಪರಿನ ಡಿಒಐ ನಂಬರನ್ನು (ಪ್ರತಿ ಪೇಪರಿಗೂ ಕೊಡುವ ಆನ್‌ಲೈನ್ ಗುರುತಿನ ನಂಬರ್) ಡಿಒಐ ಡಾಟ್ ಆರ್ಗ್‌ನಲ್ಲಿ ಹಾಕಿದರು. "ನಾಟ್ ಫೌಂಡ್." ಮತ್ತೆ ಹಾಕಿದರು. "ನಾಟ್ ಫೌಂಡ್." 10ರಿಂದ ಶುರುವಾಗುವ ನಂಬರ್ ಒಂದನ್ನು ಸುಮ್ನೆ ಟೈಪ್ ಮಾಡಿಟ್ಟಿದ್ದಾರೆ ಅಷ್ಟೇ! ನನ್ನ ಹಿಂದೆ ಜೂನಿಯರ್‌ಗಳು ಸಾಲಾಗಿ ನಿಂತಿದ್ದಾರೆ. ಸರ್ ಕನ್ನಡಕ ತೆಗೆದು, "ಇದು ಕ್ಲೋನ್ ಕಣಮ್ಮ" ಅಂದರು. ಅಷ್ಟು ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

ಈ ದಂಧೆ ಹೇಗೆ ಅಂತ ಅವರೇ ಬಿಡಿಸಿ ಹೇಳಿದರು. ವಿದೇಶದ ಯಾವುದೋ ಸಣ್ಣ ವಿಶ್ವವಿದ್ಯಾಲಯದ ಜರ್ನಲ್ ಇರುತ್ತದೆ, ನಿಜವಾದದ್ದು, ಸ್ಕೋಪಸ್‌ನಲ್ಲಿ ಇರುವಂಥದ್ದು. ಅದರ ವೆಬ್‌ಸೈಟ್ ಅಷ್ಟೇನೂ ಚೆನ್ನಾಗಿರುವುದಿಲ್ಲ, ಅಥವಾ ಡೊಮೇನ್ ರಿನ್ಯೂ ಮಾಡಿರುವುದಿಲ್ಲ. ಇವರು ಅದೇ ಹೆಸರು, ಅದೇ ಐಎಸ್ಎಸ್ಎನ್ ಹಾಕಿ ಇನ್ನೊಂದು ವೆಬ್‌ಸೈಟ್ ಮಾಡುತ್ತಾರೆ. ಹೈಜಾಕ್ಡ್ ಜರ್ನಲ್ ಅಂತಾರೆ ಇದಕ್ಕೆ. ನಾವು ಸ್ಕೋಪಸ್‌ನಲ್ಲಿ ನೋಡಿದ್ದು ಅಸಲಿ ಜರ್ನಲ್, ದುಡ್ಡು ಕೊಟ್ಟಿದ್ದು ನಕಲಿಗೆ. ಹಾಗಾಗಿ ಐಎಸ್ಎಸ್ಎನ್ ಎಷ್ಟು ಸಲ ಚೆಕ್ ಮಾಡಿದರೂ ಸರಿಯಾಗೇ ಬರುತ್ತದೆ. ಸ್ಕೋಪಸ್‌ನ ಪುಟದಲ್ಲೇ ಇದ್ದ ಹೋಂಪೇಜ್ ಲಿಂಕುಗಳಲ್ಲೂ ಕೆಲವು ಈ ಕಳ್ಳರ ಕಡೆಗೆ ಹೋಗುತ್ತಿದ್ದವಂತೆ. 2023ರ ಕೊನೆಗೆ ಸ್ಕೋಪಸ್‌ನವರು ಆ ಲಿಂಕುಗಳನ್ನೇ ತೆಗೆದುಹಾಕಿದರು.

ಆಮೇಲೆ, ವಾಪಸ್ ತೆಗೆದ ಪೇಪರ್‌ಗಳ ಮೇಲೆ ಕಣ್ಣಿಡುವ ರಿಟ್ರಾಕ್ಷನ್ ವಾಚ್‌ನವರ ಹೈಜಾಕ್ಡ್ ಜರ್ನಲ್ ಚೆಕರ್ ತೆರೆದು ತೋರಿಸಿದರು. 2022ರಿಂದ ಇದೆ ಅದು. ಒಂದು ಗೂಗಲ್ ಶೀಟು, ಅಷ್ಟೇ. ಮುನ್ನೂರಕ್ಕೂ ಹೆಚ್ಚು ಹೆಸರುಗಳಿವೆ. ಅದರಲ್ಲಿ ನನ್ನ ಜರ್ನಲ್ಲೂ ಇತ್ತು. ಅಸಲಿ ಜರ್ನಲ್ ವರ್ಷಕ್ಕೆ ಕೆಲವೇ ಪೇಪರ್ ಹಾಕುತ್ತದೆ. ನಕಲಿಯ ಒಂದೇ ಇಶ್ಯೂನಲ್ಲಿ ಹೋಮಿಯೋಪತಿ, ಷೇರು ಮಾರ್ಕೆಟ್, ಮಷೀನ್ ಲರ್ನಿಂಗ್, ಜೋಳದ ತಳಿ, ಎಲ್ಲ ಸೇರಿ ನೂರಾರು. ಅದರ ನಡುವೆ ನನ್ನ ಬೋರ್‌ವೆಲ್.

ಸರಿ, ವಾಪಸ್ ತೆಗೆಸೋಣ ಅಂತ ಮೇಲ್ ಮಾಡಿದೆ. ಯಾಕೆ ತೆಗೆಸಲೇಬೇಕು ಅಂದರೆ, ಯಾವ ಒಳ್ಳೆಯ ಜರ್ನಲ್ಲಿಗೆ ಕಳಿಸಿದರೂ ಇದು ಬೇರೆಲ್ಲೂ ಪ್ರಕಟವಾಗಿಲ್ಲ ಅಂತ ಬರೆದುಕೊಡಬೇಕು. ನಕಲು ಹಿಡಿಯುವ ಸಿಮಿಲಾರಿಟಿ ಚೆಕ್ಕಿಗೆ ಹಾಕಿದರೆ ಪೂರ್ತಿ ಪೇಪರೇ ಕೆಂಪಾಗಿ ಬರುತ್ತದೆ, ನನ್ನದೇ ಪೇಪರಿನ ಜೊತೆ. ಇದು ಅವರಿಗೆ ಚೆನ್ನಾಗಿ ಗೊತ್ತು. ಅವರ ಆಟ ಶುರುವಾಗುವುದೇ ಇಲ್ಲಿ. ಮೊದಲ ಉತ್ತರ, "ಸಿಸ್ಟಮ್ ಲಾಕ್ ಆಗಿದೆ." ಎರಡನೆಯದು, "ವಿತ್‌ಡ್ರಾಯಲ್ ಫೀ 300 ಡಾಲರ್." ಪೇಪರ್ ಹಾಕಲು ಕೊಟ್ಟಿದ್ದಕ್ಕಿಂತ ತೆಗೆಯಲು ಜಾಸ್ತಿ! ಪೊಲೀಸಿಗೆ ಹೋಗುತ್ತೇನೆ ಅಂದೆ. ಅದಕ್ಕೆ ಬಂದ ಮೇಲ್ ಓದಿ ಕೈ ನಡುಗಿತು ನನಗೆ: "ನೀವು ಪ್ರಕಟವಾದ ಪೇಪರನ್ನು ಬೇರೆ ಕಡೆ ಕಳಿಸಲು ನೋಡುತ್ತಿದ್ದೀರಿ. ಇದು ಎಥಿಕ್ಸ್ ಉಲ್ಲಂಘನೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕಾಗುತ್ತದೆ." ಇವರು ನನಗೆ ಎಥಿಕ್ಸ್ ಹೇಳುತ್ತಿದ್ದಾರೆ!

ಅವನಿಗೆ ಫೋನ್ ಮಾಡಿದರೆ ಅಷ್ಟು ದಿನ ಮೇಡಂ ಮೇಡಂ ಅನ್ನುತ್ತಿದ್ದವನು ಅವತ್ತು ಅಕ್ಕ ಅಂದ. "ಅಕ್ಕ, ನಾನೂ ಬರೀ ಮೀಡಿಯೇಟರ್ ಅಕ್ಕ, ನನಗೂ ಮೋಸ ಆಗಿದೆ. ನಿಮ್ಮ ತಮ್ಮ ಅಂದ್ಕೊಳ್ಳಿ." ತಮ್ಮ ಅಂತೆ! ಅದೇ ವಾರ ಇನ್ನೊಂದು ಗ್ರೂಪಿನಲ್ಲಿ ಅದೇ ಜರ್ನಲ್ಲಿನ "ಲಾಸ್ಟ್ ಫ್ಯೂ ಸ್ಲಾಟ್ಸ್" ಅಂತ ಹಾಕಿದ್ದ ಈ ತಮ್ಮ. ಸ್ಕ್ರೀನ್‌ಶಾಟ್ ಇದೆ ನನ್ನ ಹತ್ತಿರ.

ಗೈಡ್ ಸರ್ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ದುಡ್ಡು ವಾಪಸ್ ಬಂದಿಲ್ಲ. ಅಸಲಿ ಜರ್ನಲ್ಲಿನ ಎಡಿಟರಿಗೂ ಬರೆದೆ. ಪಾಪ, ಅವರು ಮರುದಿನವೇ ಉತ್ತರ ಕೊಟ್ಟರು, ಈ ಪೇಪರ್ ನಮ್ಮದಲ್ಲ, ಆ ವೆಬ್‌ಸೈಟ್ ನಮ್ಮದಲ್ಲ ಅಂತ. ಭಾರತದಿಂದ ಇಂಥ ಮೇಲ್ ಆಗಾಗ ಬರುತ್ತಿರುತ್ತದೆ ಅಂತಲೂ ಬರೆದಿದ್ದರು. ಆ ಪತ್ರವೇ ಈಗ ನನಗೆ ಆಧಾರ. ಅದನ್ನು ಜೊತೆಗಿಟ್ಟು, ನಡೆದಿದ್ದನ್ನೆಲ್ಲ ಕವರ್ ಲೆಟರಿನಲ್ಲಿ ಮುಚ್ಚುಮರೆಯಿಲ್ಲದೆ ಬರೆದು, ಚುಕ್ಕಿ ಇರುವ ಟೇಬಲ್ ಜೊತೆ ಬೇರೆ ಜರ್ನಲ್ಲಿಗೆ ಕಳಿಸಿದ್ದೇನೆ. ತೆಗೆದುಕೊಂಡರೆ ತೆಗೆದುಕೊಳ್ಳಲಿ, ಇಲ್ಲದಿದ್ದರೆ ಇನ್ನೊಂದು ಕಡೆ.

ನಿಮಗೆ ಹೇಳುವುದು ಇಷ್ಟೇ. ಐಎಸ್ಎಸ್ಎನ್ ಹೊಂದಿತು ಅಂತ ನಂಬಬೇಡಿ. ಆ ವೆಬ್‌ಸೈಟಿನಲ್ಲಿರುವ ಹಳೆಯ ಪೇಪರ್ ಒಂದೆರಡನ್ನು ತೆಗೆದು ಅವುಗಳ ಡಿಒಐ ಹಾಕಿ ನೋಡಿ, ಅವು ಸ್ಕೋಪಸ್‌ನಲ್ಲಿ ಇವೆಯಾ ಅಂತ ಲೈಬ್ರರಿಯಲ್ಲಿ ಕೇಳಿ ನೋಡಿ. ಹೈಜಾಕ್ಡ್ ಚೆಕರ್ ನೋಡಿ. ದುಡ್ಡು ಯಾರದೋ ಸ್ವಂತ ಹೆಸರಿಗೆ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ಏಜೆಂಟ್ ಕನ್ನಡದಲ್ಲಿ ಚೆನ್ನಾಗಿ ಮಾತಾಡಿದರೆ ಇನ್ನೂ ಹುಷಾರು. ಆಗಲೇ ಸಿಕ್ಕಿಹಾಕಿಕೊಂಡಿದ್ದರೆ ಮೇಲ್, ಯುಪಿಐ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಳ್ಳಿ, ಗೈಡ್‌ಗೆ ಮೊದಲೇ ಹೇಳಿಬಿಡಿ, ಅವರು ಹೆದರಿಸುವ ಮುಂಚೆ.

ವಿತ್‌ಡ್ರಾಯಲ್ ಫೀ ಅಂತ ಮಾತ್ರ ಒಂದು ರೂಪಾಯಿಯೂ ಕೊಡಬೇಡಿ. ನನ್ನ ಹಾಗೇ ಸಿಕ್ಕಿಬಿದ್ದ ಇನ್ನೊಬ್ಬರು ಹೆದರಿ ಕೊಟ್ಟರು. ಅವರ ಪೇಪರ್ ಇನ್ನೂ ಅಲ್ಲೇ ಇದೆ, ಈಗ "ಪ್ರೊಸೆಸಿಂಗ್ ಚಾರ್ಜ್" ಕೇಳುತ್ತಿದ್ದಾರೆ.