ಜೋಳದ ಹಿಟ್ಟಿನ ಪ್ಯಾಕೆಟ್ ಮ್ಯಾಲ "ಗ್ಲುಟನ್ ಫ್ರೀ" ಅಂತ ಇದ್ರೂ ಗಿರಣಿ ನೋಡದ ತಗೋಬ್ಯಾಡ್ರಿ

ಸೀಲಿಯಾಕ್ (ಗೋಧಿಯಂಥ ಕಾಳಿನಾಗಿರೋ ಗ್ಲುಟನ್ ಅನ್ನೋ ಅಂಶ ಕರುಳಿಗೆ ಆಗದ ರೋಗ) ಇರೋ ಮಕ್ಕಳ ತಾಯಿ ತಂದಿ ಯಾರಿದ್ದೀರಿ, ಅದರಾಗೂ ರಾಯಚೂರು ಕೊಪ್ಪಳ ಬಳ್ಳಾರಿ ಕಡೆಯವ್ರು, ದಯವಿಟ್ಟು ಇದನ್ನ ಪೂರ್ತಿ ಓದ್ರಿ. ಲೋಕಲ್ ಆಗಿ ಪ್ಯಾಕ್ ಮಾಡಿ ಮಾರೋ ಹಿಟ್ಟಿನ ಮ್ಯಾಲ "ಗ್ಲುಟನ್ ಫ್ರೀ" ಅಂತ ಚೀಟಿ ಅಂಟಿಸಿದ್ರ ಅಷ್ಟಕ್ಕ ನಂಬಬ್ಯಾಡ್ರಿ. ಜೋಳದಾಗ ಗ್ಲುಟನ್ ಇಲ್ಲ, ಅದು ಖರೇ. ಸಜ್ಜಿಯಾಗೂ ಇಲ್ಲ, ರಾಗಿ ನವಣಿ ಅಕ್ಕಿ ಯಾವುದರಾಗೂ ಇಲ್ಲ. ಆದ್ರ ಆ ಜೋಳ ಬೀಸಿದ ಗಿರಣಿಯಾಗ ಅದಕ್ಕ ಮೊದ್ಲು ಏನು ಬೀಸಿದ್ರು ಅಂತ ಪ್ಯಾಕೆಟ್ ಮ್ಯಾಲ ಯಾರೂ ಬರಿಯಂಗಿಲ್ಲ. ನಮ್ಮ ಮಗಳು ಇದರಿಂದನ ತಿಂಗಳುಗಟ್ಟಲೆ ಒದ್ದಾಡಿದ್ಳು, ಮತ್ತೊಂದು ಕೂಸಿಗೆ ಹಂಗ ಆಗಬಾರದು ಅಂತ ಬರೀತಿದ್ದೀನಿ.

ನಾವು ಇರೋದು ರಾಯಚೂರಾಗ. ಮಗಳಿಗೆ ಮೊದ್ಲಿಂದ ಹೊಟ್ಟಿ ಉಬ್ಬರ, ಭೇದಿ, ತೂಕ ಮಾತ್ರ ಏರವಲ್ದು, ಮುಖ ಬಿಳಿಚಿಕೊಂಡು ಕೈಕಾಲು ಕಡ್ಡಿ ಆಗಿದ್ವು. ಜಂತಿನ ಗುಳಿಗಿ ಆಯ್ತು, ಐರನ್ ಟಾನಿಕ್ ಆಯ್ತು, ದೃಷ್ಟಿ ಆಗ್ಯಾದ ಅಂತ ತಾಯತಾನೂ ಕಟ್ಟಿಸಿದ್ರು ಮನ್ಯಾಗ. ಕಡೀಗೆ ಒಬ್ರು ಮಕ್ಕಳ ಡಾಕ್ಟ್ರು ಟಿಟಿಜಿ ಅಂತ ರಕ್ತದ ಟೆಸ್ಟ್ ಬರಕೊಟ್ರು, ಅದು ಬಹಳ ಜಾಸ್ತಿ ಬಂತು, ಹೈದ್ರಾಬಾದಿಗೆ ಹೋಗಿ ಎಂಡೋಸ್ಕೋಪಿ ಮಾಡ್ಸಿ ಸಣ್ಣ ಕರುಳಿನ ತುಣುಕು ತಗದು ನೋಡಿದಾಗ ಸೀಲಿಯಾಕ್ ಅಂತ ಖಾತ್ರಿ ಆಯ್ತು. ಗೋಧಿ, ಬಾರ್ಲಿ, ರೈ ಈ ಕಾಳಿನಾಗಿರೋ ಗ್ಲುಟನ್ ಹೊಟ್ಟಿಗೆ ಹೋದ್ರ ಮೈಯಾಗಿನ ರೋಗ ನಿರೋಧಕ ಶಕ್ತಿನ ತನ್ನ ಕರುಳಿನ ಮ್ಯಾಲ ತಿರುಗಿ ಬೀಳ್ತದಂತ. ಉಂಡ ಊಟದ ಸತ್ವ ಎಳಕೊಳ್ಳೋ ಸಣ್ಣ ಎಳಿ ಕರುಳಿನ ಒಳಗಿರ್ತಾವ, ಅವು ಸವೆದು ಸಪಾಟ ಆಗ್ತಾವ, ಹಿಂಗಾಗಿ ಎಷ್ಟು ಉಣಿಸಿದ್ರೂ ಮೈಗೆ ಹತ್ತಂಗಿಲ್ಲ. ಔಷಧ ಇಲ್ಲ, ಜೀವನಪೂರ್ತಿ ಗ್ಲುಟನ್ ಬಿಡೋದೊಂದ ದಾರಿ.

ಅವತ್ತು ಡಾಕ್ಟ್ರು ಇದನ್ನ ಹೇಳಿದಾಗ ನಮಗ ಅಳುವಿನ ಜೋಡಿ ಒಂದು ಧೈರ್ಯಾನೂ ಬಂತು ನೋಡ್ರಿ, ಯಾಕಂದ್ರ ನಮ್ಮದು ರೊಟ್ಟಿ ಉಣ್ಣೋ ಸೀಮಿ. ಪಂಜಾಬಿನವ್ರಿಗೆ ಗೋಧಿ ಬಿಡು ಅಂದ್ರ ಊಟಾನ ಬಿಟ್ಟಂಗ ಆಗಬಹುದು, ನಮಗ ಜೋಳದ ರೊಟ್ಟಿ ಅದ, ಸಜ್ಜಿ ರೊಟ್ಟಿ ಅದ, ಸಿಂಧನೂರು ಗಂಗಾವತಿ ಅಕ್ಕಿ ಅದ. ಚಪಾತಿ, ಉಪ್ಪಿಟ್ಟಿನ ರವಾ, ಶಾವಿಗಿ, ಬಿಸ್ಕಿಟ್, ಬ್ರೆಡ್ಡು ಎಲ್ಲಾ ಅವತ್ತ ನಿಂತ್ವು. ರೊಟ್ಟಿ ಬಡಿಯೋ ಹಂಚು ಬ್ಯಾರೆ ತಂದ್ವಿ.

ಆ ಟೈಮಿಗೆ ಪರಿಚಯದವ್ರೊಬ್ರು ವಾಟ್ಸಾಪಿನಾಗ ಒಂದು ಪಾಂಪ್ಲೆಟ್ ಕಳಿಸಿದ್ರು. ಊರಾಗ ಒಂದು ಹಿಟ್ಟಿನ ಯುನಿಟ್, ಸಿರಿಧಾನ್ಯ, ಜೋಳದ ಹಿಟ್ಟು, ರಾಗಿ ಹಿಟ್ಟು, "ಶುದ್ಧ, ಗ್ಲುಟನ್ ಫ್ರೀ, ಸೀಲಿಯಾಕ್ ಇರುವವರಿಗೆ ಸೂಕ್ತ" ಅಂತ ಬಣ್ಣದ ಅಕ್ಷರದಾಗ. ನಾನ ಫೋನ್ ಮಾಡಿ ಕೇಳಿದೆ, ಮಗಳಿಗೆ ಹಿಂಗಿಂಗ ಅದ, ಒಂದು ಚಿಟಿಕಿ ಗೋಧಿ ಸೇರಿದ್ರೂ ಆಗಂಗಿಲ್ಲ, ನಿಮ್ಮದು ಬ್ಯಾರೆ ಮಷಿನ್ ಏನ್ರಿ ಅಂತ. "ಹೌದಕ್ಕಾರ, ಪೂರಾ ಸಪರೇಟ್, ಧೈರ್ಯದಿಂದ ಕೊಡ್ರಿ, ನಿಮ್ಮಂಗ ಸುಮಾರು ಜನ ಒಯ್ತಾರ" ಅಂದ್ರು. ರೇಟು ಸಾದಾ ಹಿಟ್ಟಿಗಿಂತ ಹತ್ರಹತ್ರ ಎರಡು ಪಟ್ಟು. ಕೂಸಿನ ಸಲುವಾಗಿ ಅಂತ ಕೊಟ್ವಿ, ಮುಂದ ಮನಿಗೆ ಅದ ಹಿಟ್ಟು ಬರಾಕ ಶುರು ಆಯ್ತು, ಮೂರು ಹೊತ್ತೂ ಅದರದ ರೊಟ್ಟಿ.

ಮೊದಮೊದ್ಲು ಭೇದಿ ಸ್ವಲ್ಪ ಕಡಿಮಿ ಆಯ್ತು, ಚಪಾತಿ ಬಿಸ್ಕಿಟ್ ನಿಂತಿದ್ವಲ್ಲ ಅದಕ್ಕ. ಆದ್ರ ಹೊಟ್ಟಿ ಉಬ್ಬರ ಹೋಗಲಿಲ್ಲ, ರಾತ್ರಿ ಹೊಟ್ಟಿ ಹಿಡ್ಕೊಂಡು ಅಳೋದು ಹೋಗಲಿಲ್ಲ, ಹಿಮೋಗ್ಲೋಬಿನ್ ಏರಲಿಲ್ಲ. ಆರು ತಿಂಗಳಿಗೆ ಟಿಟಿಜಿ ರಿಪೀಟ್ ಮಾಡಿಸಿದ್ರ ಇಳೀಬೇಕಾದದ್ದು ಇದ್ದಲ್ಲೇ ಅದ. ಪಥ್ಯ ಸರಿ ಇದ್ರ ಅದು ಇಳೀತಾ ಬರ್ತದ, ಪೂರ್ತಿ ನಾರ್ಮಲ್ ಆಗಾಕ ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿದ್ರೂ ಇಳಿಮುಖ ಅಂತೂ ಇರಬೇಕು ಅಂದ್ರು ಡಾಕ್ಟ್ರು. "ಎಲ್ಲೋ ಗ್ಲುಟನ್ ಹೋಗ್ತಾ ಅದ, ಹುಡುಕ್ರಿ" ಅಂದ್ರು.

ಅಲ್ಲಿಂದ ಮನ್ಯಾಗ ಏನು ನಡೀತು ಅಂತ ಹೇಳಾಕ ನನಗ ಈಗೂ ಸಂಕಟ ಆಗ್ತದ. ಮನಿಗೆ ಬಂದೋರು ಹೋದೋರು ಎಲ್ರೂ ಸೇರಿ ನಮ್ಮ ಅತ್ತಿ ಮ್ಯಾಲ ಹಾಕಿದ್ರು, ಮುದುಕಿ ಕರುಳು ತಡೀದ ಕದ್ದು ಚಪಾತಿ ತಿನಿಸಿರ್ಬೇಕು ಅಂತ. ಪಾಪ, ಮೊಮ್ಮಗಳು ಉಣ್ಣಂಗಿಲ್ಲ ಅಂದ್ರ ನನಗೂ ಬ್ಯಾಡ ಅಂತ ಯುಗಾದಿಗೆ ಹೋಳಿಗೀನ ಮುಟ್ಟದಿದ್ದಾಕಿ ಅದು. ದೇವರ ಮ್ಯಾಲ ಆಣಿ ಮಾಡಿ ಅತ್ತಳು. ಕೂಸಿಗೂ ಬಿಡಲಿಲ್ಲ, ಶಾಲ್ಯಾಗ ಯಾರ ಡಬ್ಬಿ ತಿಂದಿ ಹೇಳು ಅಂತ ಗದರಿಸೋದು. ನನ್ನ ತವರು ಕೊಪ್ಪಳ, ಜನವರಿಯಾಗ ಗವಿಮಠದ ಜಾತ್ರಿಗೆ ಹೋಗಿದ್ವಿ, ದಾಸೋಹದಾಗ ಮಾದ್ಲಿ ಇರ್ತದ, ಅದು ಗೋಧಿದು ಅಂತ ನಾನು ಆಕಿಗೆ ಮನಿಯಿಂದನ ಬುತ್ತಿ ಒಯ್ದಿದ್ದೆ, ಆದ್ರೂ ಅಲ್ಲೇ ತಿಂದಿರ್ಬೇಕು ಅಂದ್ರು. ಯಾರೊಬ್ರೂ ಆ ಹಿಟ್ಟಿನ ಮ್ಯಾಲ ಅನುಮಾನ ಪಡಲಿಲ್ಲ, ಅದು "ಗ್ಲುಟನ್ ಫ್ರೀ" ಅಲ್ಲೇನು.

ಹುಡುಕ್ತಾ ಹೋದಂಗ ಬ್ಯಾರೆ ಕೆಲವು ಸಿಕ್ವು, ಅವನ್ನೂ ಇಲ್ಲೇ ಹೇಳಿಬಿಡ್ತೀನಿ. ಒಂದು ಇಂಗು. ಅಂಗಡ್ಯಾಗ ಸಿಗೋ ಡಬ್ಬಿ ಇಂಗು ಅಪ್ಪಟ ಇಂಗಲ್ಲ, ಗೋಂದು ಮತ್ತ ಹಿಟ್ಟು ಕಲಸಿ ಮಾಡಿರ್ತಾರ, ಬಹಳಷ್ಟರಾಗ ಆ ಹಿಟ್ಟು ಗೋಧಿದು. ಡಬ್ಬಿ ಹಿಂದ ಸಣ್ಣ ಅಕ್ಷರದಾಗ ಬರದಿರ್ತದ, ಅಕ್ಕಿ ಹಿಟ್ಟಿಂದೂ ಸಿಗ್ತದ, ನೋಡಿ ತಗೋರಿ. ಇನ್ನೊಂದು ಬಾರ್ಲಿ ನೀರು. ನಮ್ಮೂರ ಬ್ಯಾಸಗಿ ಗೊತ್ತಲ್ಲ, ಉರಿಮೂತ್ರ ಅಂದ್ರ ಸಾಕು ಬಾರ್ಲಿ ಕುದಿಸಿ ಕುಡಿಸ್ರಿ ಅಂತ ಎಲ್ರೂ ಹೇಳ್ತಾರ, ಬಾರ್ಲಿಯಾಗೂ ಗ್ಲುಟನ್ ಅದ, ಈ ಮಕ್ಕಳಿಗೆ ಕೊಡಬಾರದು. ಹಾಲಿಗೆ ಹಾಕೋ ಮಾಲ್ಟ್ ಪುಡಿ ಬಹಳಷ್ಟು ಬಾರ್ಲಿ, ಗೋಧಿವು. ಗೋಬಿ ಮಂಚೂರಿಗೆ ಮೈದಾ ಹಾಕ್ತಾರ, ಸೋಯಾ ಸಾಸಿನಾಗೂ ಸಾಮಾನ್ಯವಾಗಿ ಗೋಧಿ ಇರ್ತದ. ಮಿರ್ಚಿ ಕಡ್ಲಿ ಹಿಟ್ಟಿಂದ ಇದ್ರೂ ಪೂರಿ ಕರಿದ ಎಣ್ಣ್ಯಾಗ ಕರಿದ್ರ ಮುಗೀತು. ಖಾನಾವಳಿಯಾಗ ಚಪಾತಿ ಬೇಯಿಸಿದ ಹಂಚಿನ ಮ್ಯಾಲ ರೊಟ್ಟಿ ಹಾಕ್ತಾರ. ರವಾದಾಗೂ ನೋಡ್ರಿ, ಇಡ್ಲಿ ರವಾ ಅಕ್ಕಿದು, ಉಪ್ಪಿಟ್ಟಿನ ರವಾ, ಬನ್ಸಿ ರವಾ, ಚಿರೋಟಿ ರವಾ ಎಲ್ಲಾ ಗೋಧಿವು. ಇಂಗಿನ ಡಬ್ಬಿ ಬದಲ್ಸಿದ್ವಿ, ಆದ್ರೂ ಕೂಸಿನ ಹೊಟ್ಟಿ ಇಳೀಲಿಲ್ಲ.

ಕಡೀಗೆ ಗೊತ್ತಾಗಿದ್ದು ಹೆಂಗ ಅಂದ್ರ, ನಮ್ಮ ಮನಿಯವ್ರು ಒಂದಿನ ಡೆಲಿವರಿ ಹುಡುಗ ಬರಲಿಲ್ಲ ಅಂತ ತಾವ ಆ ಯುನಿಟ್ಟಿಗೆ ಹೋದ್ರು. ಹೋದಾಗ ಅಲ್ಲಿ ಗೋಧಿ ಬೀಸ್ತಿದ್ರು. ಅದು ಮುಗಿದ ಕೂಡ್ಲೇ ಅದ ಡಬ್ಬಿಗೆ ಜೋಳ ಸುರುವಿದ್ರು, ಅದ ಬಟ್ಟಿ ಚೀಲದ ಬಾಯಿಂದ ಹಿಟ್ಟು ಬಿತ್ತು, ಅದ ಜರಡಿ, ಅದ ಸಲಿಕಿ, ಆಮ್ಯಾಲ ನಮ್ಮ ಪ್ಯಾಕೆಟ್. ಇದೇನ್ರಿ ಅಂತ ಕೇಳಿದ್ರ "ಮೊದ್ಲು ಒಂದು ಬುಟ್ಟಿ ಜೋಳ ಹಾಕಿ ಹಿಂದಿಂದು ತಗಿತೀವ್ರಿ ಅಣ್ಣಾರ, ಏನಾಗಂಗಿಲ್ಲ, ಜೋಳ ಅಂದ್ರ ಜೋಳನ ಅಲ್ಲೇನ್ರಿ" ಅಂತ. ಲ್ಯಾಬ್ ರಿಪೋರ್ಟ್ ತೋರಿಸ್ರಿ ಅಂದ್ರ ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿದ್ರು, ಅಂದ್ರ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ ಕೊಡೋ ನಂಬರ್. ಇಲ್ಲಿ ಎಲ್ರೂ ಮೋಸ ಹೋಗೋದು. ಆ 14 ಅಂಕಿ ನಂಬರ್ ಇರೋದು ಅಂಗಡಿ ನಡೆಸಾಕ ಕೊಟ್ಟ ರಿಜಿಸ್ಟ್ರೇಷನ್ ಇಲ್ಲಾ ಲೈಸೆನ್ಸಿಗೆ, ಆ ಹಿಟ್ಟಿನಾಗ ಗ್ಲುಟನ್ ಟೆಸ್ಟ್ ಮಾಡ್ಯಾರ ಅನ್ನೋದಕ್ಕಲ್ಲ.

ಗ್ಲುಟನ್ ಫ್ರೀ ಅಂತ ಬರೀಬೇಕಂದ್ರ ಕಾನೂನು ಪ್ರಕಾರ ಒಂದು ಕೇಜಿ ಪದಾರ್ಥದಾಗ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು. ಇದು ಎಷ್ಟು ಸಣ್ಣದು ಅಂತ ಲೆಕ್ಕ ಹಾಕ್ರಿ. ಒಂದು ಸಣ್ಣ ಚಮಚ ಗೋಧಿ ಹಿಟ್ಟಿನಾಗ ಇನ್ನೂರು ಮಿಲಿಗ್ರಾಂ ಹತ್ರ ಗ್ಲುಟನ್ ಇರ್ತದ. ಅಂದ್ರ ಒಂದು ಕೇಜಿ ಜೋಳದ ಹಿಟ್ಟಿಗೆ ಒಂದ ಸಣ್ಣ ಚಮಚ ಗೋಧಿ ಹಿಟ್ಟು ಸೇರಿದ್ರೂ ಹತ್ತು ಪಟ್ಟು ಆಯ್ತು. ಗಿರಣಿ ಕಲ್ಲಿನ ಸಂದ್ಯಾಗ, ಚೀಲದಾಗ ಉಳಿಯೋದು ಒಂದು ಚಮಚ ಅಲ್ಲ, ಗಿರಣಿಗೆ ಹೋದ ಹೆಣ್ಮಕ್ಕಳಿಗೆಲ್ಲಾ ಗೊತ್ತದ, ಹಿಂದಿನವ್ರ ಹಿಟ್ಟು ನಮ್ಮ ಡಬ್ಬ್ಯಾಗ ಎಷ್ಟು ಬರ್ತದ ಅಂತ. ದಿನಕ್ಕ 50 ಮಿಲಿಗ್ರಾಂ ಗ್ಲುಟನ್ ಕೆಲವು ತಿಂಗಳು ಹೋದ್ರೂ ಕರುಳಿಗೆ ಪೆಟ್ಟು ಬೀಳ್ತದ ಅಂತ ಪರೀಕ್ಷೆ ಮಾಡಿ ನೋಡ್ಯಾರ, ಅದು ಒಂದು ಚಪಾತಿನ ನಲವತ್ತು ತುಂಡು ಮಾಡಿದ್ರ ಒಂದು ತುಂಡಿನಷ್ಟು. ನನ್ನ ಮಗಳು ಮೂರು ಹೊತ್ತು ಅದನ್ನ ಉಂಡ್ಳು, ಒಳ್ಳೇದು ಅಂತ ನಾವು ದುಡ್ಡು ಕೊಟ್ಟು ತಂದದ್ದನ್ನ.

ಒಡೀದ ಒಂದು ಪ್ಯಾಕೆಟ್ ಹೈದ್ರಾಬಾದಿನ ಲ್ಯಾಬಿಗೆ ಕಳಿಸಿದ್ವಿ, ರಿಪೋರ್ಟ್ ಬಂದಾಗ ಲಿಮಿಟ್ ಎಷ್ಟೋ ಪಟ್ಟು ದಾಟಿತ್ತು. ತಗೊಂಡು ಹೋಗಿ ತೋರಿಸಿದ್ರ ಮಾಲಕರು ಉಳಿದ ಪ್ಯಾಕೆಟ್ಟಿನ ರೊಕ್ಕ ವಾಪಸ್ ಕೊಡ್ತೀವಿ ಅಂದ್ರು ಅಷ್ಟೇ, ಆ ಚೀಟಿ ತಗೀರಿ ಅಂದ್ರ ಮಾತ್ರ ಬಾಯಿ ಮುಚ್ಚಿದ್ರು. ಸಾದಾ ಜನಕ್ಕ ಆ ಹಿಟ್ಟಿನಿಂದ ಏನೂ ಆಗಂಗಿಲ್ಲ, ನಾನು ಅದನ್ನ ಕೆಟ್ಟ ಹಿಟ್ಟು ಅಂತ ಹೇಳ್ತಿಲ್ಲ. ಮಾರ್ರಿ, ಜೋಳದ ಹಿಟ್ಟು ಅಂತ ಮಾರ್ರಿ. ಸೀಲಿಯಾಕ್ ಮಕ್ಕಳಿಗೆ ಅಂತ ಬರದು ಎರಡು ಪಟ್ಟು ರೊಕ್ಕ ತಗೋಳೋದು ನನ್ನ ಪ್ರಕಾರ ಕೂಸಿನ ಜೀವದ ಜೋಡಿ ಆಟ ಆಡೋದು. ಜಿಲ್ಲಾ ಆಹಾರ ಸುರಕ್ಷತಾ ಅಂಕಿತಾಧಿಕಾರಿ ಆಫೀಸಿಗೆ ರಿಪೋರ್ಟ್ ಹಚ್ಚಿ ಅರ್ಜಿ ಕೊಟ್ಟೀವಿ. ಎಫ್‌ಎಸ್‌ಎಸ್‌ಎಐದು ಫುಡ್ ಸೇಫ್ಟಿ ಕನೆಕ್ಟ್ ಅಂತ ಆ್ಯಪ್ ಅದ, ಅದರಾಗೂ ಕಂಪ್ಲೇಂಟ್ ಹಾಕಬಹುದು. ಪ್ಯಾಕೆಟ್, ಬಿಲ್ಲು, ವಾಟ್ಸಾಪ್ ಮೆಸೇಜು ಒಗಿಬ್ಯಾಡ್ರಿ.

ಈಗ ನಾವು ಸಣ್ಣ ಮನಿ ಗಿರಣಿ ತಗೊಂಡೀವಿ, ಅದಕ್ಕ ಗೋಧಿ ಕಾಳು ಮುಟ್ಟಿಸಂಗಿಲ್ಲ. ಜೋಳ ಬಿಡಿ ತರಂಗಿಲ್ಲ, ಕಿರಾಣಿಯಾಗ ಗೋಧಿ ಚೀಲಕ್ಕ ಹಾಕಿದ ಮಾಪನ ಜೋಳಕ್ಕೂ ಹಾಕ್ತಾರ. ಪರಿಚಯದ ರೈತರ ಕಡೆ ಚೀಲ ತರ್ತೀವಿ, ಅಲ್ಲೂ ಹಿಂಗಾರಿಯಾಗ ಜೋಳ ಗೋಧಿ ಒಂದ ರಾಶಿ ಮಷಿನ್ನಿಗೆ ಹೋಗಿರ್ತಾವ, ಅದಕ್ಕ ಅತ್ತಿ ಕುಂತು ಮರದಾಗ ಹಾಕಿ ಒಂದೊಂದು ಗೋಧಿ ಕಾಳು ಆರಿಸಿ, ತೊಳೆದು, ಬಿಸಲಿಗೆ ಒಣಗಿಸಿ ಬೀಸ್ತಾರ. ಬಹಳ ಕೆಲಸ, ಆದ್ರ ಮುಂದಿನ ರಿಪೋರ್ಟಿನಾಗ ಟಿಟಿಜಿ ಅರ್ಧಕ್ಕಿಂತ ಕೆಳಗ ಬಂತು, ತೂಕ ಏರಾಕ ಹತ್ಯಾದ, ರಾತ್ರಿ ಅಳೋದು ನಿಂತದ. ಮನಿ ಗಿರಣಿಗೆ ರೊಕ್ಕ ಹೊಂದಲಿಲ್ಲ ಅಂದ್ರ ಎರಡು ಮೂರು ಮನಿ ಸೇರಿ ಒಂದು ತಗೋರಿ, ಇಲ್ಲಾ ಕಂಪನಿ ಪ್ಯಾಕೆಟ್ ತಗೊಂಡ್ರ ಗ್ಲುಟನ್ ಟೆಸ್ಟ್ ಮಾಡಿದ್ದು ಅಂತ ಇದ್ದದ್ದನ್ನ ತಗೋರಿ, ಹಿಂದ "ಇದೇ ಯಂತ್ರದಲ್ಲಿ ಗೋಧಿಯನ್ನೂ ಸಂಸ್ಕರಿಸಲಾಗುತ್ತದೆ" ಅನ್ನೋ ಥರ ಏನಾದ್ರೂ ಬರದದ ಏನು ನೋಡ್ರಿ. ಲೋಕಲ್ ಯುನಿಟ್ ಅಂದ್ರ ಫೋನಿನಾಗ ಕೇಳಬ್ಯಾಡ್ರಿ, ಹೇಳದ ಕೇಳದ ಒಂದಿನ ಹೋಗಿ ನಿಂತು ನೋಡ್ರಿ, ಯಾವ ಬ್ಯಾಚಿನ ಲ್ಯಾಬ್ ರಿಪೋರ್ಟ್ ಅದ ಅಂತ ಕಾಗದ ಕೇಳ್ರಿ.

ಇದ ಥರ ಲೋಕಲ್ ಹಿಟ್ಟು ತಿನ್ನೋ ಸೀಲಿಯಾಕ್ ಮಕ್ಕಳು ನಿಮ್ಮ ಗುರ್ತಿನಾಗ ಯಾರರ ಇದ್ರ ಅವರಿಗೆ ಇದನ್ನ ಕಳಿಸ್ರಿ, ಡಾಕ್ಟ್ರನ್ನ ಕೇಳಿ ಟಿಟಿಜಿ ಮತ್ತೊಮ್ಮೆ ಮಾಡಿಸಾಕ ಹೇಳ್ರಿ. ಇನ್ನ ರೋಗ ಗೊತ್ತಾಗದ ಬರೇ ಲಕ್ಷಣ ನೋಡಿ ಅನುಮಾನ ಬಂದೋರು ತಾವಾಗೇ ಗೋಧಿ ಬಿಡಿಸಬ್ಯಾಡ್ರಿ, ಟೆಸ್ಟಿಗೆ ಮೊದ್ಲು ಗೋಧಿ ನಿಲ್ಲಿಸಿದ್ರ ರಕ್ತದಾಗೂ ಎಂಡೋಸ್ಕೋಪಿಯಾಗೂ ಸರಿಯಾಗಿ ಗೊತ್ತಾಗಂಗಿಲ್ಲ. ಮೊದ್ಲು ಟೆಸ್ಟ್, ಆಮ್ಯಾಲ ಪಥ್ಯ.