ಉಪ್ಪುನೀರಿನ ಅಕ್ವೇರಿಯಂ ಸಾಗಿಸುವುದು: ಚೀಲವೋ ಬಕೆಟ್ಟೋ, ಹಳೆಯ ಮರಳೋ ಹೊಸದೋ?

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಸಮುದ್ರದ ಮೀನು ಸಾಕುವವರಿಗೆ ಹನ್ನೊಂದು ತಿಂಗಳ ಕರಾರೇ ತೂಗುಕತ್ತಿ. ಮನೆ ಬದಲಿಸಿದಾಗಲೆಲ್ಲ ನಾನು ಒಂದೊಂದು ವಿಧಾನವನ್ನು ಹಿಡಿದು ನೋಡಿದ್ದೇನೆ. ನನ್ನದು 250 ಲೀಟರಿನ ಗಾಜಿನ ಟ್ಯಾಂಕ್. ಒಂದು ಜೋಡಿ ಕ್ಲೌನ್ ಮೀನು, ಒಂದು ಹಳದಿ ಟ್ಯಾಂಗ್, ಒಂದು ಕ್ಲೀನರ್ ಸೀಗಡಿ ಇವೆ. ಹವಳವಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವುದನ್ನು ಮನೆಗೆ ತರುವ ಆಸೆ ನನಗಿಲ್ಲ.

ಮೊದಲು ಮೀನುಗಳ ಪ್ರಯಾಣ. ಅಂಗಡಿಯವರು ಮಾಡುವಂತೆ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲ, ಹೊರಗೆ ಥರ್ಮೋಕೋಲ್ ಪೆಟ್ಟಿಗೆ: ಮೈಸೂರಿಗೋ ಮಂಗಳೂರಿಗೋ ಹೋಗುವುದಾದರೆ ಇದೇ ಸರಿ. ಆದರೆ ಟ್ಯಾಂಗ್ ಮೀನಿನ ಬಾಲದ ಬುಡದಲ್ಲಿ ಚೂಪಾದ ಮುಳ್ಳಿದೆ, ಒಂದೇ ಪದರದ ಚೀಲವನ್ನು ಅದು ಸೀಳಬಲ್ಲದು. ಇನ್ನೊಂದು ತೊಡಕು ಕಣ್ಣಿಗೆ ಕಾಣದು. ಕಟ್ಟಿದ ಚೀಲದಲ್ಲಿ ಮೀನು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿನ ಪಿಎಚ್ ಅನ್ನು ಇಳಿಸುತ್ತದೆ, ಆಗ ಮೀನೇ ಹೊರಹಾಕುವ ಅಮೋನಿಯಾದ ವಿಷ ತಗ್ಗಿರುತ್ತದೆ. ಗಂಟೆಗಟ್ಟಲೆ ಕಟ್ಟಿಟ್ಟ ಚೀಲವನ್ನು ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ವಿಷವೂ ಏರುತ್ತದೆ. ಆ ನೀರಿನಲ್ಲೇ ಮೀನನ್ನಿಟ್ಟು ನಿಧಾನವಾಗಿ ಒಗ್ಗಿಸಲು ಕೂರಬಾರದು.

ಊರೊಳಗಿನ ಸಾಗಾಟಕ್ಕೆ ನನ್ನ ಮತ ಬಕೆಟ್ಟಿಗೆ. ಮುಚ್ಚಳವಿರುವ 20 ಲೀಟರಿನ ಬಕೆಟ್, ಅರ್ಧಕ್ಕೆ ಟ್ಯಾಂಕಿನದೇ ನೀರು, ಬ್ಯಾಟರಿಯ ಏರ್ ಪಂಪ್, ಅದರ ಕೊಳವೆಗೆ ಮುಚ್ಚಳದಲ್ಲೊಂದು ತೂತು. ಟ್ಯಾಂಗ್ ಮೊದಲು ಬಣ್ಣ ಬಿಳಿಚಿಕೊಂಡು ಗೋಡೆಗೆ ಮೂತಿ ತಿಕ್ಕುತ್ತಿತ್ತು. ಮುಚ್ಚಳ ಹಾಕಿ ಕತ್ತಲೆ ಮಾಡಿದ ಮೇಲೆ ತಳದಲ್ಲಿ ಸುಮ್ಮನಾಯಿತು. ಒಂದು ಮಾತು: ಕಲ್ಲುಗಳನ್ನೆಲ್ಲ ತೆಗೆದು ನೀರನ್ನು ಗೇಣುದ್ದಕ್ಕೆ ಇಳಿಸುವವರೆಗೆ ಬಲೆಯನ್ನು ಮುಟ್ಟಬೇಡಿ. ಅದಕ್ಕೆ ಮುಂಚೆ ಮೀನು ಹಿಡಿಯಲು ಹೊರಟರೆ ಮೀನಿಗೂ ನಿಮಗೂ ಸುಸ್ತು.

ಎಲ್ಲರೂ ಮೀನಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಕೆಡುಕು ಕಾದಿರುವುದು ಮರಳಿನಲ್ಲಿ. ನನ್ನ ಟ್ಯಾಂಕಿನ ಮರಳು ಮೇಲೆ ಕೆನೆಬಣ್ಣ. ಎರಡು ಬೆರಳು ಕೆಳಗೆ ಬೂದು, ಅದರ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಒಮ್ಮೆ ಅದನ್ನು ಟ್ಯಾಂಕಿನ ನೀರಿನಲ್ಲೇ ತೊಳೆದು ಮರಳಿ ಬಳಸಿದೆ. ಎಷ್ಟು ಬಾರಿ ತೊಳೆದರೂ ನೀರು ಚಹಾದ ಬಣ್ಣಕ್ಕಿಂತ ತಿಳಿಯಾಗಲಿಲ್ಲ, ಹೊಸ ಮನೆಯಲ್ಲಿ ಕೆಲವು ದಿನ ಅಮೋನಿಯಾ ಪರೀಕ್ಷೆಯ ಬಣ್ಣ ಹಸಿರಿಗೆ, ಅಂದರೆ ಅಪಾಯದ ಕಡೆಗೆ, ತಿರುಗುತ್ತಲೇ ಇತ್ತು. ಮುಂದಿನ ಸಲ ಮರಳನ್ನು ಎಸೆದು ಹೊಸದು ಹಾಕಿದಾಗ ಆ ಬಣ್ಣ ಹಳದಿಯಿಂದ ಕದಲಲಿಲ್ಲ. ಅಮೋನಿಯಾವನ್ನು ನಿವಾರಿಸುವ ಉಪಕಾರಿ ಬ್ಯಾಕ್ಟೀರಿಯಾ ಕಲ್ಲಿನ ಮೇಲೂ ಫಿಲ್ಟರಿನಲ್ಲೂ ಸಾಕಷ್ಟಿರುತ್ತವೆ. ಆ ಕಲ್ಲು, ಫಿಲ್ಟರಿನ ಸ್ಪಂಜು ಒಣಗದಂತೆ ನೀರಿನಲ್ಲೇ ಮುಳುಗಿಸಿ ಒಯ್ದರಾಯಿತು. ಸಮುದ್ರದ ಟ್ಯಾಂಕಿಗೆ ಹಾಕುವ ಅರಗೊನೈಟ್ ಎಂಬ ಸುಣ್ಣದಂಶದ ಮರಳು ದುಬಾರಿ ನಿಜ, ಆದರೂ ಇಲ್ಲಿ ಜಿಪುಣತನ ಬೇಡ.

ನೀರಿನ ವಿಷಯದಲ್ಲಿ ಇಷ್ಟು ಜಗಳವಿಲ್ಲ. ಬ್ಯಾಕ್ಟೀರಿಯಾ ನೀರಿನಲ್ಲಿ ಹೆಚ್ಚಿಲ್ಲದ ಕಾರಣ ಪೂರ್ತಿ ಹಳೆಯ ನೀರನ್ನು ಹೊರುವುದು ಬರೀ ಕೂಲಿ ಕೆಲಸ. 250 ಲೀಟರ್ ಎಂದರೆ ಕಾಲು ಟನ್ನು. ಅರ್ಧ ಹಳೆಯದು, ಉಳಿದದ್ದು ಹಿಂದಿನ ದಿನವೇ ಹೊಸ ಮನೆಯಲ್ಲಿ ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು ಬೆರೆಸಿ, ಸಾಪೇಕ್ಷ ಸಾಂದ್ರತೆ 1.025ಕ್ಕೆ ತಂದು, 25 ಡಿಗ್ರಿಗೆ ಕಾಯಿಸಿಟ್ಟದ್ದು.

ಹೊಸ ಮನೆಯಲ್ಲಿ ಎರಡನೆಯ ಟ್ಯಾಂಕನ್ನು ಮುಂಚೆಯೇ ಸಿದ್ಧಪಡಿಸುವವರೂ ಇದ್ದಾರೆ. ಅವಸರ ತಪ್ಪುತ್ತದೆ, ಆದರೆ ಅದಕ್ಕೂ ಹಳೆಯ ಕಲ್ಲು ಬಂದೇ ಬರಬೇಕು, ಖರ್ಚು ಇಮ್ಮಡಿ. ಮನೆಯ ಮಾಲೀಕರು ಕೀಲಿಯನ್ನು ವಾರ ಮುಂಚಿತವಾಗಿ ಕೊಟ್ಟರೆ ಮಾತ್ರ ಯೋಚಿಸಿ. ಸಾಮಾನು ಸಾಗಿಸುವವರು ಸೋಫಾ ಹೊರಲಿ. ಟ್ಯಾಂಕ್ ಪೂರ್ತಿ ಬರಿದಾಗುವವರೆಗೆ ಅವರ ಕೈಗೆ ಕೊಡಬೇಡಿ. ತಳದಲ್ಲಿ ಮರಳೋ ನೀರೋ ಉಳಿದಿರುವಾಗ ಎತ್ತಿದರೆ ಸಿಲಿಕೋನ್ ಬೆಸುಗೆ ಬಿಡಬಹುದು.